ವಕೀಲರಿಗೆ ಗಿರಾಕಿ ತರುವ ನಮ್ಮ ಅಳಿಯಂದಿರು

ನಮ್ಮ ಅಳಿಯಂದಿರನ್ನು ನಾನು ಮೊದಲು ನೋಡಿದ ದಿನ ಅವರು ಆಡಿದ ಮಾತಿಗಿಂತ ನಾನು ಆಡಿದ್ದೇ ಹೆಚ್ಚು. ನನಗಿರುವವಳು ಒಬ್ಬಳೇ ಮಗಳು, ಹಾಗಾಗಿ ಅಳಿಯನೂ ಒಬ್ಬರೇ. ಆದರೂ ಅಳಿಯಂದಿರು ಎಂದೇ ಬರೆಯುತ್ತೇನೆ, ಏಕವಚನ ಬರೆಯಲು ಕೈ ಬಾರದು.

"ಅಮ್ಮಾ, ನಾಳೆ ಒಬ್ಬರನ್ನ ಕರ್ಕೊಂಡು ಬರ್ತೀನಿ, ಮುಖ ಸಿಂಡರಿಸ್ಕೊಂಡು ಕೂತ್ಕೋಬೇಡ" ಎಂದು ಮಗಳು ಮೊದಲೇ ಎಚ್ಚರಿಸಿದ್ದಳು. ಬಂದವರು ಉದ್ದಕ್ಕೆ, ತೆಳ್ಳಗೆ ಇದ್ದರು. ಅಂಗಿಗೆ ಗರಿಗರಿ ಇಸ್ತ್ರಿ, ಎಡತೋಳಿನ ಒಂದು ಗುಂಡಿಯನ್ನು ಮಾತ್ರ ಬೇರೆ ಬಣ್ಣದ ದಾರದಲ್ಲಿ ಹೊಲಿದಿತ್ತು. ಬಟ್ಟೆ ಹೊಲಿದು ಮಗಳನ್ನು ಬೆಳೆಸಿದವಳು ನಾನು, ಕಣ್ಣು ಮೊದಲು ಹೋಗುವುದು ಅಂಥ ಕಡೆಗೇ. ಅವರ ಕಣ್ಣು ಹೋದದ್ದು ನನ್ನ ಹೊಲಿಗೆ ಯಂತ್ರದ ಕಡೆಗೆ. ಅದರ ಪಕ್ಕ ನಿಂತು, "ಇದು ಕಾಲಲ್ಲಿ ತುಳಿಯೋದಾ? ಮಂಡಿ ನೋಯಲ್ವಾ?" ಎಂದರು.

ಅಷ್ಟೇ ಕೇಳಿದ್ದು. ನಾನು ಮಂಡಿಯಿಂದ ಶುರು ಮಾಡಿದೆ. ಮಂಡಿಯಿಂದ ಡಾಕ್ಟರಿಗೆ ಹೋದೆ, ಡಾಕ್ಟರಿಂದ ನಮ್ಮ ಯಜಮಾನರ ಕೊನೆಯ ಕಾಯಿಲೆಗೆ, ಅಲ್ಲಿಂದ ಆ ಹೊತ್ತಿನಲ್ಲಿ ನನ್ನ ಓರಗಿತ್ತಿ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಆಡಿದ ಮಾತಿಗೆ. ಅವರು ನಡುನಡುವೆ "ಹೌದಾ?" ಎನ್ನುವರು, "ಆಮೇಲೆ?" ಎನ್ನುವರು, ಅಷ್ಟೇ. ಚಹಾ ಆರಿ ತಣ್ಣಗಾಯಿತು. ಹೊರಡುವಾಗ ಜೇಬಿನಿಂದ ಒಂದು ಕಾರ್ಡು ತೆಗೆದು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ಬಾಗಿಲು ಮುಚ್ಚಿದ ಮೇಲೆ ನನಗೆ ಹೊಳೆಯಿತು: ನಮ್ಮ ಮನೆಯ ಒಳಗುಟ್ಟೆಲ್ಲ ಆ ಮನುಷ್ಯನ ಹೊಟ್ಟೆ ಸೇರಿದೆ, ಅವರು ಏನು ಕೆಲಸ ಮಾಡುತ್ತಾರೆ ಎಂಬುದೂ ನನಗೆ ಗೊತ್ತಿಲ್ಲ.

"ಪೊಲೀಸಿನವರೇನೇ ಇವರು?" ಎಂದೆ.

"ಅಲ್ಲಮ್ಮ. ವಕೀಲರ ಆಫೀಸು."

"ವಕೀಲರಾ? ಹಾಗಾದ್ರೆ ಪರವಾಗಿಲ್ಲ ಬಿಡು."

"ವಕೀಲರಲ್ಲ. ವಕೀಲರಿಗೆ ಕೆಲಸ ತಂದುಕೊಡೋರು."

ನಾನು ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ಕಾರ್ಡಿನ ಮೇಲೆ "ಬಿಸಿನೆಸ್ ಡೆವಲಪ್‌ಮೆಂಟ್" ಎಂದಿತ್ತು. ಓದುವ ಮೊದಲು ಎಷ್ಟು ತಿಳಿದಿತ್ತೋ, ಓದಿದ ಮೇಲೂ ಅಷ್ಟೇ ತಿಳಿದಿತ್ತು.

ಎರಡನೇ ಸಲ ಬಂದಾಗ ನಾನು ಬಾಯಿಗೆ ಹೊಲಿಗೆ ಹಾಕಿಕೊಂಡು ಕುಳಿತು, ಪ್ರಶ್ನೆ ಕೇಳುವ ಸರದಿ ನನ್ನದೆಂದು ಮೊದಲೇ ಹೇಳಿಬಿಟ್ಟೆ.

"ವಕೀಲರಿಗೆ ಕೆಲಸ ತರೋದು ಅಂದ್ರೆ, ಜನ ಜಗಳ ಆಡೋ ಹಾಗೆ ಮಾಡ್ತೀರಾ?"

"ಅಯ್ಯೋ, ಇಲ್ಲಮ್ಮ! ಜಗಳ ಅವರೇ ಆಡ್ಕೊಳ್ತಾರೆ. ಆಡೋ ಹೊತ್ತಿಗೆ ನಮ್ಮ ಆಫೀಸು ನೆನಪಾಗ್ಬೇಕು, ಅಷ್ಟೇ."

"ಅಂದ್ರೆ ನಮ್ಮಲ್ಲಿಗೆ ಬನ್ನಿ ಅಂತ ಕರೆಯೋದು."

"ಛೆ ಛೆ, ಕರೆಯೋ ಹಾಗಿಲ್ಲ. ವಕೀಲರು ಬಾಯಿಬಿಟ್ಟು ಕೆಲಸ ಕೇಳಿದ್ರೆ ಮರ್ಯಾದೆ ಹೋಗುತ್ತೆ. ಬರೋರೇ ಕೇಳ್ಬೇಕು. ಹಾಗೆ ಕೇಳೋ ತನಕ ನಾನು ಅಕ್ಕಪಕ್ಕದಲ್ಲಿ ಓಡಾಡ್ಕೊಂಡಿರ್ಬೇಕು."

"ಗಿರಾಕಿ ಹಿಡಿಯೋ ಕೆಲಸ ಅನ್ನಿ."

ಅವರು ಎರಡೂ ಕಿವಿ ಮುಚ್ಚಿಕೊಂಡರು. "ಗಿರಾಕಿ ಅನ್ಬೇಡಿ, ನಮ್ಮ ಆಫೀಸಿನ ಗೋಡೆಗೆ ಕೇಳಿಸಿದ್ರೂ ಸುಣ್ಣ ಉದುರುತ್ತೆ. ಕಕ್ಷಿದಾರರು ಅನ್ನಿ."

ಆ ಕೆಲಸಕ್ಕೆ ಬರುವ ಮೊದಲು ಅವರು ಅಂಗಡಿಯೊಂದರಲ್ಲಿ ಫ್ರಿಜ್ ಮಾರುತ್ತಿದ್ದರಂತೆ. ಅದೇ ಸುಲಭವಿತ್ತು ಎಂದು ಈಗಲೂ ಹೇಳುತ್ತಾರೆ. "ಫ್ರಿಜ್ ಆದ್ರೆ ಬಾಗಿಲು ತೆಗೆದು ತೋರಿಸ್ಬಹುದು ಅತ್ತೆ. ಕೈ ಹಾಕಿ ನೋಡಿ, ತಣ್ಣಗಿದೆ ಅನ್ಬಹುದು. ವಕೀಲರನ್ನ ಎಲ್ಲಿ ತೆಗೆದು ತೋರಿಸೋದು?"

ಮದುವೆಯಾದ ಮೇಲೆ ಮೂವರೂ ಒಂದೇ ಮನೆಯಲ್ಲಿ ಇದ್ದೇವೆ. ದೊಡ್ಡ ಕಟ್ಟಡ, ನಮ್ಮದು ಎರಡನೇ ಮಹಡಿ, ಮಹಡಿಗೆ ಒಂದೊಂದೇ ಮನೆ. ಒಂದೇ ಸೂರಿನಡಿ ಇದ್ದ ಮೇಲೆ ಅವರ ಕೆಲಸ ನನಗೆ ಸ್ವಲ್ಪ ಸ್ವಲ್ಪವಾಗಿ ತಿಳಿಯುತ್ತ ಬಂತು. ವಕೀಲರ ಫೋಟೊ ತೆಗೆಸುವುದು ಅವರ ಕೆಲಸ. ಎಲ್ಲರೂ ಕೈ ಕಟ್ಟಿಕೊಂಡು ನಿಲ್ಲುತ್ತಾರೆ. ಒಬ್ಬ ವಕೀಲರಿಗೆ ಸ್ವಲ್ಪ ನಗಿ ಎಂದರೆ, ನಕ್ಕರೆ ಏನನ್ನೋ ಒಪ್ಪಿಕೊಂಡ ಹಾಗಾಗುತ್ತದೆ ಎಂದರಂತೆ. ಕಾನೂನು ಬದಲಾದಾಗಲೆಲ್ಲ ಕಂಪನಿಯವರನ್ನು ಬೆಳಗಿನ ಕಾಫಿಗೆ ಕರೆದು, ವಕೀಲರಿಂದ ಎರಡು ಮಾತು ಹೇಳಿಸುವುದೂ ಅವರ ಕೆಲಸವೇ. ವಕೀಲರು ಬಂದ ಅತಿಥಿಗಳನ್ನು ಬಿಟ್ಟು ತಾವುತಾವೇ ಒಂದು ಮೂಲೆಯಲ್ಲಿ ಗುಂಪುಗೂಡಿ ಬಿಸ್ಕತ್ತು ತಿನ್ನುತ್ತಾರೆ. ನಮ್ಮ ಅಳಿಯಂದಿರು ಆ ಗುಂಪಿನೊಳಗೆ ತೂರಿ, ಒಬ್ಬೊಬ್ಬರ ಮೊಣಕೈ ಹಿಡಿದು ಹೊರಗೆಳೆದು ಒಬ್ಬೊಬ್ಬ ಅಪರಿಚಿತನ ಎದುರು ನಿಲ್ಲಿಸಿ ಬರಬೇಕು. ತಿರುಗಿ ನೋಡುವಷ್ಟರಲ್ಲಿ ವಕೀಲರು ಮತ್ತೆ ಮೂಲೆ ಸೇರಿರುತ್ತಾರೆ.

ಇನ್ನೂ ಒಂದು ವಿಚಿತ್ರ. ಒಬ್ಬ ವಕೀಲರ ಕಕ್ಷಿದಾರರು ಯಾರೆಂದು ಪಕ್ಕದ ಕೋಣೆಯ ವಕೀಲರಿಗೆ ಹೇಳುವುದಿಲ್ಲ, ಓರಗಿತ್ತಿಯರು ಒಡವೆ ಬಚ್ಚಿಟ್ಟುಕೊಂಡ ಹಾಗೆ. ಹೊಸಬರು ಯಾರು ಬಂದರೂ "ಇವರನ್ನು ತಂದವರು" ಎಂದು ಒಂದು ಹೆಸರು ಬರೆಯಬೇಕು. ಅದು ವಕೀಲರ ಹೆಸರೇ ಆಗಿರಬೇಕು. ನಮ್ಮವರು ವಕೀಲರಲ್ಲವಲ್ಲ, ಆದ್ದರಿಂದ ಇಷ್ಟು ವರ್ಷದಲ್ಲಿ ಅವರು ಯಾರನ್ನೂ ತಂದೇ ಇಲ್ಲ.

"ಉಣ್ಣೋಕೆ ಬಡಿಸೋರು ಇವರು, ತೇಗೋರು ಅವರು" ಎಂದು ಮಗಳು ಚುಚ್ಚುತ್ತಿದ್ದಳು.

"ತೇಗೋ ಸದ್ದು ಕೇಳಿಸಿದ್ರೆ ಸಾಕು ಕಣೇ, ಹೊಟ್ಟೆ ತುಂಬಿದೆ ಅಂತ ಗೊತ್ತಾಗುತ್ತೆ" ಎನ್ನುವರು ಅವರು.

ಆದರೆ ಒಂದು ವರ್ಷ ಹೊಸಬರೇ ಬರಲಿಲ್ಲ, ತೇಗೂ ಕೇಳಿಸಲಿಲ್ಲ. ಅವರ ಆಫೀಸಿನ ಯಜಮಾನಿ ಒಬ್ಬರು ಹಿರಿಯ ವಕೀಲೆ, ಎಲ್ಲರೂ ಅವರನ್ನು ಮೇಡಂ ಎನ್ನುತ್ತಾರೆ. ಆ ಮೇಡಂ ನಮ್ಮವರನ್ನು ಕರೆದು, ಇಷ್ಟು ಕಾಫಿ ಕುಡಿಸಿದ್ದರಿಂದ ಏನಾಯಿತು ಎಂದು ಕೇಳಿದರಂತೆ. ಮಾರನೇ ದಿನ ಒಬ್ಬ ಮನುಷ್ಯ ಟೇಪು ಹಿಡಿದು ಬಂದು, ಇವರು ಕುರ್ಚಿಯಲ್ಲಿ ಕುಳಿತಿರುವಾಗಲೇ ಇವರ ಕೋಣೆಯ ಅಳತೆ ತೆಗೆದ. ಕಾಲು ಸ್ವಲ್ಪ ಎತ್ತಿ ಎಂದನಂತೆ. ಝೆರಾಕ್ಸ್ ಯಂತ್ರ ಇಡಲು ಜಾಗ ಬೇಕಿತ್ತು.

ಆ ದಿನ ಮನೆಗೆ ಬಂದವರು ನನ್ನ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕುಳಿತರು. ಮಂಡಿಯ ವಿಷಯ ಕೇಳಲಿಲ್ಲ. ಆಗಲೇ ನನಗೆ ಗಾಬರಿಯಾಯಿತು.

"ಹಾಸಿಗೆಯವರು ಬಂದ್ರೆ ನಾನಿರ್ತೀನಿ ಅತ್ತೆ. ಬರದಿದ್ರೆ ಆ ಕೋಣೆ ಝೆರಾಕ್ಸಿಗೆ. ಮೇಡಂ ನೇರವಾಗೇ ಹೇಳಿದ್ರು."

"ಆಮೇಲೆ ನೀವು?"

"ಮತ್ತೆ ಫ್ರಿಜ್ಜು. ಅಲ್ಲೂ ಈಗ ಹುಡುಗರನ್ನೇ ತಗೋತಾರೆ, ನನ್ನ ವಯಸ್ಸಿನವರನ್ನ ಯಾರು ತಗೋತಾರೆ."

ಹಾಸಿಗೆಯವರು ಎಂದರೆ ನಮ್ಮ ನೆತ್ತಿಯ ಮೇಲೆಯೇ, ಮೂರನೇ ಮಹಡಿಯಲ್ಲಿ ಇರುವವರು. ಊರಾಚೆ ಅವರ ದೊಡ್ಡ ಹಾಸಿಗೆ ಕಾರ್ಖಾನೆ ಇದೆ. ಅವರನ್ನು ಒಲಿಸಿಕೊಳ್ಳಲು ನಮ್ಮವರು ಪಟ್ಟ ಪಾಡು ಒಂದೆರಡಲ್ಲ. ಅವರು ಲಿಫ್ಟಿಗೆ ಬರುವ ಹೊತ್ತು ನೋಡಿ ತಾವೂ ಹೊರಡುವುದು, ಬಾಗಿಲು ಮುಚ್ಚದಂತೆ ಕಾಲು ಅಡ್ಡ ಇಡುವುದು, ಅವರು ಹೋಗುವ ಪಾರ್ಕಿನಲ್ಲೇ ವಾಕಿಂಗ್ ಹೋಗುವುದು. ನಮ್ಮ ಮನೆಯ ಹಾಸಿಗೆಗಳೆಲ್ಲ ಅವರ ಕಾರ್ಖಾನೆಯವೇ ಆದವು. ಮಗಳು ಬೆನ್ನು ಹಿಡಿದುಕೊಂಡು ಏಳುತ್ತಿದ್ದಳು, ಆದರೂ ಒಂದು ಮಾತು ಆಡುವಂತಿರಲಿಲ್ಲ. ಕೊನೆಗೆ ಅವರ ಹಳೆಯ ವಕೀಲರು ಕಣ್ಣು ಮಂಜಾಗಿ ಕೆಲಸ ಬಿಟ್ಟಾಗ, ಹಾಸಿಗೆಯವರೇ ಲಿಫ್ಟಿನಲ್ಲಿ, "ನೀವು ಯಾವುದೋ ವಕೀಲರ ಆಫೀಸಲ್ಲಿ ಇದ್ದೀರಲ್ವಾ? ಯಾರನ್ನಾದ್ರೂ ಕಳಿಸಿ, ಮಾತಾಡೋಣ. ಬೇರೆ ಆಫೀಸಿನವರೂ ಬರ್ತಿದಾರೆ, ಎಲ್ಲರದ್ದೂ ಕೇಳ್ತೀನಿ" ಎಂದರು.

ನಮ್ಮವರು ಲಿಫ್ಟಿನಿಂದ ಹಾರಿಕೊಂಡೇ ಮನೆಗೆ ಬಂದರು. ಆದರೆ ಯಾರನ್ನು ಕಳಿಸುವುದು? ಕಾರ್ಖಾನೆಗಳ ಕಾನೂನು ತಿಳಿದವರು ಆ ಆಫೀಸಿನಲ್ಲಿ ಒಬ್ಬರೇ. ಅವರನ್ನು ನಾವು ಮನೆಯಲ್ಲಿ ಆದಾಗ್ಯೂ ವಕೀಲರು ಎನ್ನುತ್ತೇವೆ. ಅವರ ಬಾಯಿಂದ ಯಾವ ಮಾತು ಬರಲಿ, ಆದಾಗ್ಯೂ ಎಂದೇ ಶುರುವಾಗುತ್ತಿತ್ತು. ಆಮೇಲಿನದು ಗಂಟಲಿನಿಂದ ಹೊರಗೆ ಬರುತ್ತಿರಲಿಲ್ಲ. ತಲೆ ತುಂಬ ಕಾನೂನು, ಎದುರಿಗೆ ಕುಳಿತವರಿಗೆ ಮಾತ್ರ ಅವರ ಕೊರಳಪಟ್ಟಿಯೊಂದೇ ಕಾಣುವುದು, ಮುಖ ಅಷ್ಟು ತಗ್ಗಿಸಿಕೊಂಡಿರುತ್ತಿದ್ದರು. ಜನ್ಮದಲ್ಲಿ ಒಬ್ಬ ಕಕ್ಷಿದಾರರನ್ನೂ ಅವರಾಗಿ ತಂದದ್ದಿಲ್ಲ.

"ಭಾನುವಾರ ಅವರನ್ನ ಮನೆಗೆ ಕರೀತೀನಿ ಅತ್ತೆ" ಎಂದರು ಅಳಿಯಂದಿರು. "ಮಾತು ಅಭ್ಯಾಸ ಮಾಡಿಸ್ಬೇಕು. ನೀವು ಕಕ್ಷಿದಾರರ ಹಾಗೆ ಎದುರಿಗೆ ಕೂತ್ಕೊಳ್ಳಿ."

"ನಾನು ಏನು ಮಾಡ್ಬೇಕು?"

"ಏನೂ ಬೇಡ. ಯಾವುದಕ್ಕೂ ಒಪ್ಪದವರ ಹಾಗೆ ಮುಖ ಮಾಡ್ಕೊಂಡಿರಿ."

"ಅದನ್ನ ಅಮ್ಮಂಗೆ ಹೇಳಿಕೊಡ್ಬೇಕಾ?" ಎಂದಳು ಮಗಳು.

ಭಾನುವಾರ ಬಂತು. ನಾನು ಇಸ್ತ್ರಿ ಸೀರೆ ಉಟ್ಟು, ದೊಡ್ಡ ಕುರ್ಚಿಯಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಆದಾಗ್ಯೂ ವಕೀಲರು ನನ್ನ ಎದುರು ಕುಳಿತು, ನೆಲದ ಕಡೆ ನೋಡುತ್ತ ತಮ್ಮ ಆಫೀಸು ಯಾವಾಗ ಶುರುವಾಯಿತು, ತಾವು ಎಲ್ಲಿ ಓದಿದರು, ಯಾವ ಯಾವ ಕಾಯಿದೆ ಬಲ್ಲರು ಎಂದು ಹೇಳಿದರು. ಹೇಳಿದರು, ಹೇಳಿದರು. ನಾನು ಒಪ್ಪದ ಮುಖ ಮಾಡಿಕೊಂಡಿದ್ದು ಮೊದಮೊದಲು ನಟನೆ, ಆಮೇಲೆ ಅದು ನಿಜವಾಗತೊಡಗಿತು. ಅಷ್ಟರಲ್ಲಿ ಅಳಿಯಂದಿರ ಫೋನು ಬಡಿದುಕೊಂಡಿತು. "ಮುಂದುವರಿಸಿ, ಮುಂದುವರಿಸಿ" ಎಂದು ಕೈ ಮಾಡಿ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡರು.

ವಕೀಲರು ಮುಂದುವರಿಯಲಿಲ್ಲ. ನನಗೇ ಪಾಪ ಎನಿಸಿತು.

"ನನ್ನ ತೊಂದರೆ ಏನು ಅಂತ ಕೇಳಿಪ್ಪಾ, ಹೇಳ್ತೀನಿ" ಎಂದೆ.

"ಆದಾಗ್ಯೂ... ನಿಮಗೆ ಏನು ತೊಂದರೆ ತಾಯಿ?"

ಏನಾದರೂ ಒಂದು ಕಟ್ಟಿ ಹೇಳಬೇಕಿತ್ತು. ಆ ಕ್ಷಣಕ್ಕೆ ಸರಿಯಾಗಿ ಮೇಲೆ ಕುರ್ಚಿ ಎಳೆದ ಸದ್ದಾಯಿತು, ಕರ್ರ್ ಎಂದು. ಹಾಸಿಗೆಯವರ ಮನೆಯಲ್ಲಿ ಯಾರೂ ಕುರ್ಚಿಯನ್ನು ಎತ್ತಿಡುವುದಿಲ್ಲ. ಊಟಕ್ಕೆ ಕುಳಿತರೆ ಒಂದು ಸಲ, ಎದ್ದರೆ ಒಂದು ಸಲ, ನಮ್ಮ ಹಲ್ಲು ಜುಮ್ಮೆನ್ನುವ ಹಾಗೆ ಎಳೆಯುತ್ತಾರೆ. "ಇಗೋ, ಇದೇ" ಎಂದು ಮೇಲೆ ಬೆರಳು ತೋರಿಸಿದೆ.

ಆ ಮನುಷ್ಯ ತಲೆ ಎತ್ತಿದರು! ಕೊರಳಪಟ್ಟಿಯ ಮೇಲೆ ಒಂದು ಮುಖ ಇರುವುದನ್ನು ಆಗ ನೋಡಿದೆ, ಲಕ್ಷಣವಾಗಿಯೇ ಇತ್ತು. ಒಂದೇ ಒಂದು ಆದಾಗ್ಯೂ ಇಲ್ಲದೆ ಕೇಳತೊಡಗಿದರು. ಯಾರ ಮನೆ ಅದು? ಅವರ ಪೂರ್ತಿ ಹೆಸರೇನು? ಎಷ್ಟು ಕಾಲದಿಂದ? ಅವರಿಗೆ ಹೇಳಿದ್ದೀರಾ? ಬೇರೆ ಯಾರಿಗೆ ಕೇಳಿಸುತ್ತದೆ? ಕೇಳುವವರು ಸಿಕ್ಕರೆ ನಾನು ಬಿಡುವವಳೇ? ಕುರ್ಚಿಯ ಕಥೆಯನ್ನು ಸ್ವಲ್ಪ ಬೆಳೆಸಿದೆ. ಸದ್ದಿಗೆ ಬೆದರಿ ನನ್ನ ಕೈಯಿಂದ ತಟ್ಟೆ ಬಿದ್ದು ಒಡೆಯಿತು ಎಂದೆ. ಸೂರು ಬಿರುಕು ಬಿಟ್ಟಿದೆ ಎಂದೆ. ಅಡುಗೆಮನೆಯಲ್ಲಿ ಮಗಳು ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ವಕೀಲರು ನನಗೆ ಏನು ಮಾಡಬಹುದು, ಏನು ಮಾಡಬಾರದು ಎಂದು ಬಿಡಿಸಿ ಬಿಡಿಸಿ ಹೇಳಿದರು. ಅಳಿಯಂದಿರು ಬಾಲ್ಕನಿಯಿಂದ ಒಳಗೆ ಬಂದಾಗ, ವಕೀಲರು ನನ್ನ ಕಡೆ ಬಾಗಿ, ಕೈ ಆಡಿಸುತ್ತ ಮಾತಾಡುತ್ತಿದ್ದರು.

"ಇದೇ! ಇದನ್ನೇ ನಾನು ಕೇಳಿದ್ದು!" ಎಂದು ಅಳಿಯಂದಿರು ಕುಣಿದಾಡಿದರು. "ಅಲ್ಲೂ ಹೀಗೇ, ಅವರ ತೊಂದರೆ ಕೇಳಿ, ಅಷ್ಟೇ ಸಾಕು!" ಏನು ಮಾತಾಡಿದಿರಿ ಎಂದು ಅವರು ಕೇಳಲಿಲ್ಲ. ನಾವೂ ಹೇಳಲಿಲ್ಲ.

ವಕೀಲರು ಹಾಗೆಯೇ ಮಾಡಿದರು. ಹಾಸಿಗೆಯವರ ಕಾರ್ಖಾನೆಗೆ ಹೋಗಿ ಕುಳಿತು, ನಿಮಗೇನು ತೊಂದರೆ ಎಂದು ಕೇಳಿದರು. ಬೇರೆ ಆಫೀಸಿನವರೆಲ್ಲ ತಮ್ಮ ಹೆಚ್ಚುಗಾರಿಕೆ ಹೇಳಿಕೊಂಡಿದ್ದರಂತೆ. ಹಾಸಿಗೆಯವರು ತಮ್ಮ ತೊಂದರೆ ಹೇಳಿಕೊಂಡು ಹಗುರಾದರು, ಕೆಲಸ ನಿಮಗೇ ಎಂದರು. ಅಳಿಯಂದಿರು ಸಂಜೆ ನಗುತ್ತ ಬಂದರು. ನಾನೂ ಮಗಳೂ ಎರಡನೇ ಸಲ ಚಹಾ ಮಾಡಿ ಕುಡಿದೆವು.

ಮಾರನೇ ದಿನ ಮಧ್ಯಾಹ್ನವೇ ಅವರು ಮನೆಗೆ ಬಂದರು. ಟೈ ಎಳೆದು ಹೆಗಲ ಮೇಲೆ ಹಾಕಿಕೊಂಡಿದ್ದರು. ಬೂಟು ಬಿಚ್ಚದೆಯೇ ನನ್ನ ಎದುರು ನಿಂತರು.

"ಅತ್ತೆ, ನೀವು ಹಾಸಿಗೆಯವರ ಮೇಲೆ ಕೇಸು ಹಾಕಿದೀರಾ?"

"ನಾನಾ? ನಾನ್ಯಾಕೆ ಹಾಕ್ಲಿ!"

"ಆಫೀಸಿನ ಕಂಪ್ಯೂಟರು ಹಾಗೇ ಹೇಳ್ತಿದೆ."

ಆ ಆಫೀಸಿನಲ್ಲಿ ಒಂದು ಕಟ್ಟುನಿಟ್ಟು ಇದೆ. ಒಬ್ಬರ ಪರ ನಿಂತ ವಕೀಲರು ಅವರ ಎದುರಾಳಿಯ ಪರವೂ ನಿಲ್ಲುವ ಹಾಗಿಲ್ಲ. ಅದಕ್ಕೇ ಹೊಸಬರು ಬಂದಾಗ, ಇವರ ವಿರುದ್ಧ ನಾವು ಈಗಾಗಲೇ ಯಾರ ಪರವಾದರೂ ಇದ್ದೇವೆಯೇ ಎಂದು ಮೊದಲು ಹುಡುಕಿ ನೋಡುತ್ತಾರೆ. ಹಾಸಿಗೆಯವರ ಹೆಸರು ಹಾಕಿ ಹುಡುಕಿದರೆ ನಾನು ಸಿಕ್ಕಿದೆ. ಆದಾಗ್ಯೂ ವಕೀಲರು ಭಾನುವಾರ ನಮ್ಮ ಮನೆಯಿಂದ ಹೋದವರು, ಸೋಮವಾರ ಬೆಳಿಗ್ಗೆ ಮೊದಲ ಕೆಲಸವಾಗಿ ನನ್ನನ್ನು ಕಕ್ಷಿದಾರಳೆಂದು ಸೇರಿಸಿ, ಎದುರು ಕಕ್ಷಿ ಎಂದು ಮೇಲಿನ ಮನೆಯವರ ಪೂರ್ತಿ ಹೆಸರು ಬರೆದುಬಿಟ್ಟಿದ್ದರು. ಬರೆಯುವಾಗ ಅದೇ ಮನುಷ್ಯನ ಕಾರ್ಖಾನೆಗೆ ತಾವು ಹೋಗಬೇಕಿರುವುದು ಅವರಿಗೆ ಹೊಳೆಯಲಿಲ್ಲವಂತೆ. ಆಫೀಸಿನಲ್ಲಿ ಎಲ್ಲರೂ ಕಂಪನಿಯ ಹೆಸರನ್ನೇ ಹೇಳುತ್ತಿದ್ದರು.

"ಅಭ್ಯಾಸಕ್ಕೆ ಹೇಳಿದ್ದು ಅಂತ ಅಳಿಸಿಹಾಕಿ ಅನ್ನಿ" ಎಂದೆ.

"ಹೇಳಿದೆ. ಅವರು ಅಳಿಸಲ್ಲವಂತೆ. ತೊಂದರೆ ಹೇಳಿಕೊಂಡ್ರು, ನಾನು ಸಲಹೆ ಕೊಟ್ಟೆ, ಅಲ್ಲಿಗೆ ಅವರು ನನ್ನ ಕಕ್ಷಿದಾರರು ಅಂತಾರೆ." ಅಳಿಯಂದಿರು ದನಿ ಇಳಿಸಿದರು. "ಅಷ್ಟೇ ಅಲ್ಲ ಅತ್ತೆ. ಅವರು ಇಷ್ಟು ವರ್ಷದಲ್ಲಿ ತಾವಾಗಿ ತಂದ ಮೊದಲ ಕಕ್ಷಿದಾರರು ನೀವು. ಆಫೀಸಿನವರೆಲ್ಲ ಕೈ ಕುಲುಕಿದಾರೆ. ಈಗ ನಿಮ್ಮನ್ನ ಬಿಟ್ಟುಕೊಡೋಕೆ ಅವರಿಗೆ ಮನಸ್ಸೇ ಇಲ್ಲ."

ಮಗಳು ಅಡುಗೆಮನೆಯಿಂದ, "ಅಮ್ಮನ್ನ ಬಿಟ್ಟುಕೊಡೋಕೆ ಒಪ್ಪದ ಮೊದಲನೇ ಮನುಷ್ಯ!" ಎಂದಳು.

ಅಳಿಯಂದಿರು ನಗಲಿಲ್ಲ. ನನಗೂ ನಗು ಬರಲಿಲ್ಲ. ಝೆರಾಕ್ಸ್ ಯಂತ್ರವನ್ನು ಆಗಲೇ ಪೆಟ್ಟಿಗೆ ಬಿಚ್ಚಿ ಅವರ ಕೋಣೆಯ ಬಾಗಿಲಿಗೆ ತಂದು ನಿಲ್ಲಿಸಿದ್ದರಂತೆ.

ಮಾರನೆಯ ದಿನ ನಾನೇ ಆಫೀಸಿಗೆ ಹೋದೆ. ಕಾಯುವ ಕೋಣೆಯ ಸೋಫಾ ಎಷ್ಟು ತಗ್ಗೆಂದರೆ ಕುಳಿತ ಮೇಲೆ ಮಂಡಿ ಗಲ್ಲಕ್ಕೆ ಬಂತು. ಗೋಡೆಯ ತುಂಬ ಕೈ ಕಟ್ಟಿಕೊಂಡ ವಕೀಲರು. ಒಳಗೆ ಮೇಡಂ ಒಂದು ಕಾಗದ ಮುಂದಿಟ್ಟು, ಇದಕ್ಕೆ ಸಹಿ ಹಾಕಿದರೆ ಮುಗಿಯಿತು ಎಂದರು. ನಾನು ಅಕ್ಷರ ಕೂಡಿಸತೊಡಗಿದೆ. ಅಳಿಯಂದಿರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದರು. ತಟ್ಟೆ ಒಡೆದಿಲ್ಲ, ಸೂರು ಬಿರುಕು ಬಿಟ್ಟಿಲ್ಲ ಎಂದು ಬರೆದಿತ್ತು. ಸರಿ. ಕೊನೆಯ ಸಾಲು: ನನಗೆ ಅವರ ವಿರುದ್ಧ ಯಾವ ದೂರೂ ಇಲ್ಲ.

"ಇದಕ್ಕೆ ನಾನು ಸಹಿ ಹಾಕೋಲ್ಲ" ಎಂದೆ.

"ಅತ್ತೆ!"

"ತಟ್ಟೆ ಸುಳ್ಳು, ಬಿರುಕು ಸುಳ್ಳು. ಕುರ್ಚಿ ಸುಳ್ಳಲ್ವಲ್ಲಪ್ಪಾ. ಎಳೀತಾರಲ್ಲ ಅವರು!"

ಆದಾಗ್ಯೂ ವಕೀಲರು ನನ್ನನ್ನು ಎಷ್ಟು ಅಭಿಮಾನದಿಂದ ನೋಡಿದರು! "ಆದಾಗ್ಯೂ ಮೇಡಂ, ನನ್ನ ಕಕ್ಷಿದಾರರು ಹೇಳೋದು ಸರಿಯಿದೆ" ಎಂದರು. ಅಳಿಯಂದಿರು ಕಿಟಕಿಯ ಕಡೆ ತಿರುಗಿ ನಿಂತರು. ಆದರೂ ಇಲ್ಲದ್ದನ್ನು ಇದೆ ಎಂದು ಆಟಕ್ಕೆ ಹೇಳಬಹುದು, ಇದ್ದದ್ದನ್ನು ಇಲ್ಲವೆಂದು ಬರೆದು ಸಹಿ ಹಾಕುವುದು ಹೇಗೆ?

ಮೇಡಂ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಇನ್ನು ಒಂದೇ ದಾರಿ ಎಂದರು. ಎರಡೂ ಕಡೆಯವರಿಗೆ ವಿಷಯ ಪೂರ್ತಿ ಗೊತ್ತಿದ್ದು, ಇಬ್ಬರೂ ಪರವಾಗಿಲ್ಲ ಎಂದು ಒಪ್ಪಿದರೆ ಆಫೀಸು ಮುಂದುವರಿಯಬಹುದು. ಅಂದರೆ ಹಾಸಿಗೆಯವರಿಗೆ ಹೇಳಬೇಕು. ವಕೀಲರು ಹೇಳುವಂತಿಲ್ಲ, ಅದು ನನ್ನ ಗುಟ್ಟು. ನಾನೇ ಹೇಳಬೇಕು.

ಆ ಸಂಜೆ ಆದಾಗ್ಯೂ ವಕೀಲರೂ ನಮ್ಮ ಜೊತೆ ಬಂದರು. ಲಿಫ್ಟಿನಲ್ಲಿ ಮೂರನೇ ಮಹಡಿಗೆ ಹೋಗುವಾಗ ಅಳಿಯಂದಿರು ನನ್ನ ಕಿವಿಯಲ್ಲಿ, "ನಗ್ತಾ ಹೇಳಿ ಅತ್ತೆ. ಮೊದಲು ಅವರ ಆರೋಗ್ಯ ವಿಚಾರಿಸಿ. ಆಮೇಲೆ ಹಾಸಿಗೆ ಬಹಳ ಚೆನ್ನಾಗಿದೆ ಅನ್ನಿ. ಆಮೇಲೆ ಮೆಲ್ಲಗೆ..." ಎನ್ನುತ್ತಿದ್ದರು.

ಹಾಸಿಗೆಯವರೇ ಬಾಗಿಲು ತೆರೆದರು. ದಪ್ಪ ಮೈ, ಕಣ್ಣ ಕೆಳಗೆ ಕಪ್ಪು. ನಮ್ಮನ್ನು ಕೂರಿಸಲು ತಾವೇ ಕುರ್ಚಿ ಎಳೆದರು, ಕರ್ರ್.

"ಇದೇ ನೋಡಿ, ಇದಕ್ಕೇ ಬಂದದ್ದು" ಎಂದೆ. ಆರೋಗ್ಯ ವಿಚಾರಿಸಲು ಮರೆತೇಹೋಯಿತು. ಎಲ್ಲವನ್ನೂ ಹೇಳಿದೆ. ಅಳಿಯಂದಿರ ಮುಖ ಸುಣ್ಣದ ಗೋಡೆಯಾಯಿತು.

ಹಾಸಿಗೆಯವರು ಕೇಳಿ ಮುಗಿಸಿ ವಕೀಲರ ಕಡೆ ತಿರುಗಿದರು. "ಏನ್ರೀ, ಈಯಮ್ಮ ನನ್ನ ಮೇಲೆ ಇನ್ನೂ ಏನೇನು ಹೇಳಿದ್ರು ನಿಮ್ಮ ಹತ್ರ?"

"ಅದನ್ನ ಹೇಳೋ ಹಾಗಿಲ್ಲ" ಎಂದರು ವಕೀಲರು.

"ನೀವೇನು ಸಲಹೆ ಕೊಟ್ರಿ?"

"ಅದನ್ನೂ ಹೇಳೋ ಹಾಗಿಲ್ಲ."

"ನನ್ನ ಇಡೀ ಕಾರ್ಖಾನೆ ಕೆಲಸ ನಿಮ್ಮ ಕೈಗೆ ಕೊಡ್ತಿದೀನಿ ಕಣ್ರೀ! ಒಂದು ಮಾತು ಹೇಳೋಕಾಗಲ್ವಾ?"

ವಕೀಲರು ತಲೆ ಎತ್ತಿದರು. ಕೊರಳಪಟ್ಟಿಯಿಂದ ಆ ಮುಖ ಮತ್ತೆ ಹೊರಗೆ ಬಂತು.

"ಆದಾಗ್ಯೂ" ಎಂದರು. ಅಷ್ಟೇ. ಆ ಮಾತಿನ ಹಿಂದೆ ಇನ್ನೊಂದು ಮಾತು ಬರಲೇ ಇಲ್ಲ.

ಅಳಿಯಂದಿರು ಕಣ್ಣು ಮುಚ್ಚಿಕೊಂಡರು. ಹಾಸಿಗೆಯವರು ವಕೀಲರನ್ನು ಮೇಲಿಂದ ಕೆಳಗೆ ನೋಡಿದರು, ಮೂಗಿನಲ್ಲಿ ಏನೋ ಸದ್ದು ಮಾಡಿದರು. ಆಮೇಲೆ, "ಸರಿ, ನೀವಿಬ್ಬರೂ ಸ್ವಲ್ಪ ಹೊರಗೆ ನಿಂತಿರಿ. ಈಯಮ್ಮನ ಹತ್ರ ನಂದೂ ಒಂದು ಇದೆ" ಎಂದರು. ವಕೀಲರು ಇಬ್ಬರಿಗೂ ಬೇಕಾದವರು, ಹಾಗಾಗಿ ಯಾರ ಪರವಾಗಿಯೂ ಬಾಯಿ ಬಿಡುವಂತಿರಲಿಲ್ಲ. ಅಳಿಯಂದಿರನ್ನು ಎಳೆದುಕೊಂಡು ಲಿಫ್ಟಿನ ಹತ್ತಿರ ಹೋಗಿ ನಿಂತರು.

"ನಿಮ್ಮ ಹೊಲಿಗೆ ಮಷೀನು" ಎಂದರು ಹಾಸಿಗೆಯವರು. "ಬೆಳಕು ಹರಿಯೋ ಮೊದಲೇ ಕಟಕಟಕಟ ಅಂತ ನನ್ನ ದಿಂಬಿನ ಕೆಳಗೇ ಓಡುತ್ತೆ. ಊರಿಗೆಲ್ಲ ಹಾಸಿಗೆ ಮಾಡಿಕೊಡ್ತೀನಿ, ನನಗೇ ನಿದ್ದೆಯಿಲ್ಲ."

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ನಿಮ್ಮ ಅಳಿಯ ನನ್ನ ಹಾಸಿಗೆ ಕೊಂಡ್ಕೋತಾನೇ ಇದ್ರಲ್ಲಮ್ಮ! ಹೇಗೆ ಹೇಳ್ಲಿ?"

ಇಬ್ಬರೂ ಕುಳಿತು ಚೌಕಾಸಿ ಮಾಡಿದೆವು. ಕುರ್ಚಿ ಎಳೆಯಬಾರದು, ಎತ್ತಿಡಬೇಕು ಎಂದೆ ನಾನು. ತಮ್ಮ ಮನೆಯ ದೀಪ ಹೊತ್ತಿದ ಮೇಲೆಯೇ ಯಂತ್ರ ತುಳಿಯಬೇಕು ಎಂದರು ಅವರು. ಭಾನುವಾರಕ್ಕೆ ಇನ್ನಷ್ಟು ತಡ ಮಾಡಿ ಎಂದು ಎಳೆದಾಡಿದರು, ನಾನು ಬಿಟ್ಟೆ. ಬದಲಿಗೆ ಮಗಳ ಬೆನ್ನುನೋವಿನ ಹಾಸಿಗೆಯನ್ನು ಬಿಚ್ಚಿಸಿ ಮತ್ತೆ ತುಂಬಿಸಿ ಕೊಡಬೇಕೆಂದು ಹಿಡಿದೆ, ಅವರು ಬಿಟ್ಟರು. ಬಾಗಿಲು ತೆರೆದಾಗ ಅಳಿಯಂದಿರೂ ವಕೀಲರೂ ಗೋಡೆಗೊರಗಿ, ಇಬ್ಬರೂ ಕೈ ಕಟ್ಟಿಕೊಂಡು ನಿಂತಿದ್ದರು.

"ಬಾಯಿ ಬಿಡದ ವಕೀಲರೇ ನನಗೆ ಬೇಕಿತ್ತು" ಎಂದರು ಹಾಸಿಗೆಯವರು. "ಕಾಗದ ಎಲ್ಲಿ, ತನ್ನಿ."

ಅವರು ಸಹಿ ಹಾಕಿದರು. ನಾನೂ ಹಾಕಿದೆ. ಈ ಸಲದ ಕಾಗದದ ಕೊನೆಯ ಸಾಲಿನಲ್ಲಿ, ದೂರು ಇತ್ತು, ನಾವೇ ಬಗೆಹರಿಸಿಕೊಂಡಿದ್ದೇವೆ ಎಂದು ವಕೀಲರ ಕೈಯಲ್ಲೇ ಬರೆಸಿದ್ದೆ.

ಝೆರಾಕ್ಸ್ ಯಂತ್ರ ಈಗ ಅವರ ಆಫೀಸಿನ ಮೊಗಸಾಲೆಯಲ್ಲಿದೆ, ಹೋಗಿಬರುವವರ ತೊಡೆಗೆ ತಾಗುತ್ತದೆ. ನಮ್ಮವರ ಕೋಣೆ ನಮ್ಮವರಿಗೇ ಉಳಿಯಿತು. ಹಾಸಿಗೆಯವರನ್ನು ತಂದವರು ಎಂದು ಯಾರ ಹೆಸರು ಬರೆಯಬೇಕೆಂಬುದಕ್ಕೆ ಮಾತ್ರ ಜಗಳವಾಯಿತಂತೆ. ಅವರ ಸೋದರಮಾವನನ್ನು ಬಲ್ಲೆನೆಂದು ಮೇಡಂ, ಮಾತಾಡಿದ್ದು ತಾವೆಂದು ಆದಾಗ್ಯೂ ವಕೀಲರು. ಕೊನೆಗೆ ಇಬ್ಬರ ಹೆಸರನ್ನೂ ಬರೆದರು.

"ನಿಮಗೆ ಬೇಜಾರಾಗ್ಲಿಲ್ವಾ?" ಎಂದು ಕೇಳಿದೆ.

"ಆಗುತ್ತೆ ಅತ್ತೆ. ಸಂಜೆ ತನಕ ಆಗುತ್ತೆ. ಸಂಜೆ ಯಾರಾದ್ರೂ ಹೊಸಬರು ಲಿಫ್ಟಲ್ಲಿ ಸಿಗ್ತಾರೆ."

ಆದಾಗ್ಯೂ ವಕೀಲರು ಇವತ್ತಿಗೂ ನನ್ನನ್ನು ಬಿಟ್ಟುಕೊಟ್ಟಿಲ್ಲ. ದೂರು ಬಗೆಹರಿದರೂ ಕಕ್ಷಿದಾರರು ಕಕ್ಷಿದಾರರೇ ಎನ್ನುತ್ತಾರೆ. ಹೊಸ ವರ್ಷಕ್ಕೆ ನನಗೊಂದು ಶುಭಾಶಯದ ಕಾರ್ಡು ಬರುತ್ತದೆ, ಅದನ್ನು ಅಚ್ಚು ಹಾಕಿಸಿ ಕಳಿಸುವವರು ನಮ್ಮ ಅಳಿಯಂದಿರೇ.

ನಿನ್ನೆ ಬೆಳಿಗ್ಗೆ ಅವರು ಬೂಟು ಹಾಕಿಕೊಂಡು ಹೊರಟವರು ಬಾಗಿಲಿನಿಂದ ತಿರುಗಿ ಬಂದು, ನಾನು ಕುಪ್ಪಸಕ್ಕೆ ತೋಳು ಕೂಡಿಸುತ್ತಿದ್ದಲ್ಲಿಗೆ ಬಂದು ನಿಂತರು. ಮುಖದಲ್ಲಿ ಹೊಸಬರೊಬ್ಬರ ಸುಳಿವು ಸಿಕ್ಕ ಕಳೆ ಇತ್ತು.

"ಅತ್ತೆ, ಐದನೇ ಮಹಡಿಗೆ ಔಷಧಿ ಅಂಗಡಿಗಳ ಮಾಲೀಕರು ಬಂದಿದಾರಲ್ಲ, ಅವರ ಮೇಲೆ ನಿಮಗೇನಾದ್ರೂ ಸಿಟ್ಟಿದ್ಯಾ? ಇದ್ರೆ ಈಗ್ಲೇ ಹೇಳ್ಬಿಡಿ, ನಾನು ಅವರಿಗೆ ನಮಸ್ಕಾರ ಹೇಳೋಕೆ ಮೊದಲೇ."